ಏಕಾಂತಪ್ಪನವರ ವೈದ್ಯಕೀಯ ಸಲಹೆ

ಶಿವಮೊಗ್ಗದ ವಿದ್ಯಾನಗರದ ಏಕಾಂತಪ್ಪನವರು ಸಾಮಾನ್ಯವಾಗಿ ಎಂಥದನ್ನೂ ತಡೆದುಕೊಳ್ಳಬಲ್ಲರು. ಉಪ್ಪಿಲ್ಲದ ಸಾರು, ನೆಂಟರ ಮಕ್ಕಳು, ಬೀದಿಯ ಬೋರ್‌ವೆಲ್ ಸದ್ದು ಯಾವುದಕ್ಕೂ ಅವರು ಚಕಾರ ಎತ್ತಿದವರಲ್ಲ. ತಡೆಯಲಾಗದಿದ್ದದ್ದು ಒಂದೇ, ಹಿಂದುಮುಂದಾಗಿ ನೇತುಹಾಕಿದ ಎಕ್ಸ್‌ರೇ. ಅದನ್ನು ದಿನಾ ಸಂಜೆ ಏಳು ಗಂಟೆಗೆ, ತಮ್ಮದೇ ನಡುಮನೆಯಲ್ಲಿ, ತಮ್ಮದೇ ಪೆನ್ಷನ್ ದುಡ್ಡಿನ ಟೀವಿಯಲ್ಲಿ ನೋಡಬೇಕಾಗಿ ಬಂದದ್ದು ಅವರ ಪೂರ್ವಜನ್ಮದ ಕರ್ಮ ಅಲ್ಲದೆ ಇನ್ನೇನು?

ಹಾಗಂತ ಏಕಾಂತಪ್ಪ ಡಾಕ್ಟರಲ್ಲ. ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ ಎಕ್ಸ್‌ರೇ ತೆಗೆದು ನಿವೃತ್ತರಾದವರು. (ಡಾಕ್ಟರು ಮನುಷ್ಯನನ್ನು ಹೊರಗಿನಿಂದ ನೋಡುತ್ತಾನೆ, ನಾವು ಒಳಗಿನಿಂದ ನೋಡುತ್ತೇವೆ ಎಂಬುದು ಅವರ ಸಿದ್ಧಾಂತ.) ಅವರು ಒಂದು ಸಲ "ಉಸಿರೆಳ್ಕಳಿ, ಹಂಗೇ ಹಿಡ್ಕಳಿ" ಎಂದರೆ ಜನರಲ್ ಮ್ಯಾನೇಜರೂ ಅಂಗಿ ಬಿಚ್ಚಿ, ಹೊಟ್ಟೆ ಒಳಗೆಳೆದುಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ ನಿಲ್ಲುತ್ತಿದ್ದರು. ಈಗ ಮನೆಯಲ್ಲಿ ಅವರ ಮಾತಿಗೆ ಉಸಿರು ಹಿಡಿಯುವವರು ಯಾರೂ ಇಲ್ಲ. "ನೀವು ಸ್ವಲ್ಪ ಬಾಯಿ ಹಿಡ್ಕಳಿ, ಸೌಂದರ್ಯ ಏನೋ ಹೇಳ್ತಿದಾಳೆ" ಎಂದು ಹೆಂಡತಿ ಬಸವರಾಜೇಶ್ವರಿಯವರೇ ಅವರಿಗೆ ಆಜ್ಞೆ ಮಾಡುತ್ತಿದ್ದರು.

ಸೌಂದರ್ಯ ಎಂದರೆ ‘ನಾಡಿ ಹಿಡಿದವಳು’ ಧಾರಾವಾಹಿಯ ನಾಯಕಿ. ಹೃದಯ, ಮೆದುಳು, ಮೂಳೆ, ಹೆರಿಗೆ ಎಲ್ಲಕ್ಕೂ ಅವಳೊಬ್ಬಳೇ ಡಾಕ್ಟರು. ಅವಳ ವಾರಗಿತ್ತಿ ಮೋನಿಕಾ ಖಳನಾಯಕಿ. ಮನೆತನದ ಆಸ್ಪತ್ರೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಅವಳು ಆರುನೂರು ಕಂತುಗಳಲ್ಲಿ ಮೂರು ಕೂಸುಗಳನ್ನು ಅದಲುಬದಲು ಮಾಡಿದ್ದಳು, ಅತ್ತೆಯನ್ನು ಕೋಮಾಕ್ಕೆ ಕಳಿಸಿದ್ದಳು, ಸೌಂದರ್ಯಳ ಡಿಗ್ರಿ ಸರ್ಟಿಫಿಕೇಟನ್ನು ಸ್ನಾನದ ಒಲೆಗೆ ಹಾಕಿದ್ದಳು. ಅವಳು ಸಾಯುವುದನ್ನು ಕಣ್ತುಂಬ ನೋಡಬೇಕು ಎಂಬುದೊಂದೇ ಬಸವರಾಜೇಶ್ವರಿಯವರಿಗೂ ಪಕ್ಕದ ಮನೆಯ ಶೇಷಮ್ಮನವರಿಗೂ ಉಳಿದಿದ್ದ ಲೌಕಿಕ ಆಸೆ.

ಏಕಾಂತಪ್ಪನವರಿಗೆ ಆಸೆಗಳು ಎರಡು. ಒಂದು, ಏಳು ಗಂಟೆಗೆ ಹೆಂಚಿನಿಂದ ಇಳಿದ ಬಿಸಿ ಅಕ್ಕಿರೊಟ್ಟಿ. ಸಕ್ಕರೆ ಕಾಯಿಲೆಯವರು, ಮಾತ್ರೆ ನುಂಗಿದ ಮೇಲೆ ಹೊಟ್ಟೆ ಕಾಯುವುದಿಲ್ಲ. ಆದರೆ ಏಳಕ್ಕೆ ಧಾರಾವಾಹಿ, ಅದು ಮುಗಿದ ಮೇಲೆ ಶೇಷಮ್ಮನವರ ಜೊತೆ ಮುಕ್ಕಾಲು ಗಂಟೆ ವಿಮರ್ಶೆ. ಹಾಗಾಗಿ ರೊಟ್ಟಿ ಸಂಜೆ ಐದಕ್ಕೇ ಬೆಂದು ಡಬ್ಬಿ ಸೇರುತ್ತಿತ್ತು. ಏಳರ ಹೊತ್ತಿಗೆ ಅದನ್ನು ಎಕ್ಸ್‌ರೇ ಫಿಲ್ಮಿನ ಹಾಗೆ ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಬಹುದಿತ್ತು. ಎರಡನೆಯದು, ಈ ಮನೆಯಲ್ಲಿ ಯಾರಾದರೂ ಒಬ್ಬರು, ಒಂದೇ ಒಂದು ಸಲ, "ನೀವು ಹೇಳಿದ್ದು ಸರಿ" ಅನ್ನಬೇಕು. ನಿಜ ಹೇಳಬೇಕೆಂದರೆ ರೊಟ್ಟಿಗಿಂತ ಅವರಿಗೆ ಇದರ ಹಸಿವೇ ಹೆಚ್ಚು.

ಅದಕ್ಕಾಗಿ ಅವರು ಇನ್ನೂರು ಪುಟದ ನೋಟ್‌ಬುಕ್ ತಂದು, ಗೆರೆ ಎಳೆದು, ಪ್ರತಿ ಕಂತಿನ ವೈದ್ಯಕೀಯ ಲೋಪಗಳನ್ನು ಬರೆಯತೊಡಗಿದರು. ಬರೆದರೆ ಸಾಕೇ? ಓದಿ ಹೇಳಲೂಬೇಕು.

"ನೋಡು, ಹೊಟ್ಟೆ ಆಪರೇಷನ್ ಆದವನ ತಲೆಗೆ ಬ್ಯಾಂಡೇಜ್ ಸುತ್ತಿದಾರೆ."

"ತಲೆಗೂ ಪೆಟ್ಟಾಗಿರತ್ತೆ."

"ಯಾವಾಗ ಆಯ್ತು?"

"ಹೊಟ್ಟೆ ನೋವು ಅಂತ ಬಿದ್ದಾಗ" ಎಂದರು ಬಸವರಾಜೇಶ್ವರಿ, ಟೀವಿಯಿಂದ ಕಣ್ಣು ಕೀಳದೆ.

"ಮಾನಿಟರಲ್ಲಿ ಗೆರೆ ನೆಟ್ಟಗಾದ ಮೇಲೆ ಕರೆಂಟ್ ಶಾಕ್ ಕೊಡೋದಿಲ್ಲ ಕಣೇ. ಎದೆ ಒತ್ತಬೇಕು, ಇಂಜೆಕ್ಷನ್ ಕೊಡಬೇಕು."

"ಅವ್ನು ಬದುಕ್ದ ತಾನೆ? ನಿಮಗೇನ್ರೀ ಕಷ್ಟ?"

"ಹೋಗ್ಲಿ, ಆ ಕೋಮಾದಲ್ಲಿರೋ ಅತ್ತೆ ತಲೇಲಿ ದಿನಾ ಹೊಸ ಮಲ್ಲಿಗೆ ದಂಡೆ ಇರತ್ತಲ್ಲ, ಐಸಿಯೂ ಒಳಗೆ ಹೂವು ಯಾರು ಬಿಡ್ತಾರೆ?"

ಇದಕ್ಕೆ ಶೇಷಮ್ಮನವರೇ ತಿರುಗಿ ಕೂತರು. "ಮುತ್ತೈದೆ ಅಲ್ವಾ ಏಕಾಂತಪ್ಪೋರೇ ಅವ್ರು? ಕೋಮಾ ಅಂತ ಬೋಳು ತಲೇಲಿ ಮಲಗ್ಸಕ್ಕಾಗತ್ತಾ?"

ಏಕಾಂತಪ್ಪ ಮಲ್ಲಿಗೆ ದಂಡೆಯನ್ನು ವೈದ್ಯಕೀಯ ಲೋಪಗಳ ಪಟ್ಟಿಯಿಂದ ಹೊಡೆದುಹಾಕಿ ನೋಟ್‌ಬುಕ್ ಮುಚ್ಚಿದರು.

ಆದರೆ ಎಕ್ಸ್‌ರೇ ವಿಷಯದಲ್ಲಿ ಮಾತ್ರ ಅವರು ರಾಜಿಗೆ ತಯಾರಿರಲಿಲ್ಲ. ಸೌಂದರ್ಯಳ ಆಸ್ಪತ್ರೆಯಲ್ಲಿ ಇದ್ದದ್ದು ಎದೆಯ ಒಂದೇ ಒಂದು ಎಕ್ಸ್‌ರೇ. ಯಾವ ರೋಗಿ ಬಂದರೂ ಅದನ್ನೇ ನೇತುಹಾಕುತ್ತಿದ್ದರು, ಮಂಡಿ ನೋವಿನವನಿಗೂ ಅದೇ. ಅದೂ ಹಿಂದುಮುಂದಾಗಿ. ಫಿಲ್ಮಿನ ಮೂಲೆಯಲ್ಲಿ ಬಲಗಡೆಯ ಗುರುತಿಗೆ ಹಾಕುವ ‘ಆರ್’ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಾಣುತ್ತಿತ್ತು.

"ಈ ಲೆಕ್ಕದಲ್ಲಿ ಆ ಊರಿನ ಅಷ್ಟೂ ಜನಕ್ಕೆ ಹೃದಯ ಬಲಗಡೆ ಇದೆ ಅಂತಾಯ್ತು" ಎಂದು ಏಕಾಂತಪ್ಪ ಎದ್ದು ಹೋಗಿ ಟೀವಿಯ ಮೇಲೆ ಬೆರಳಿಟ್ಟು ತೋರಿಸಿದರು.

"ಎಡಗಡೆಯೋ ಬಲಗಡೆಯೋ, ಹೃದಯ ಅಂತ ಒಂದಿದ್ರೆ ಸಾಕು. ಆ ಮೋನಿಕಾಗೆ ಅದೇ ಇಲ್ಲ. ಪಕ್ಕಕ್ಕೆ ಬನ್ನಿ, ಕಾಣಲ್ಲ" ಎಂದರು ಹೆಂಡತಿ.

ಶೇಷಮ್ಮನವರು ಸುಮ್ಮನಿದ್ದಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಅವರು ಸಮಾಧಾನ ಮಾಡುವ ದನಿಯಲ್ಲಿ, "ನೀವು ಆಸ್ಪತ್ರೇಲಿ ಫೋಟೋ ತೆಗೀತಿದ್ರಿ ಅಲ್ವಾ? ಡಾಕ್ಟ್ರ ವಿಷಯ ಡಾಕ್ಟ್ರಿಗೆ ಬಿಡಿ ಮಾರಾಯ್ರೆ" ಎಂದುಬಿಟ್ಟರು.

ಫೋಟೋ. ಮೂವತ್ನಾಲ್ಕು ವರ್ಷದ ಸೇವೆಯನ್ನು ಒಂದೇ ಪದದಲ್ಲಿ ಸ್ಟುಡಿಯೋದವನ ಪಕ್ಕ ಕೂರಿಸಿದರು. ಏಕಾಂತಪ್ಪನವರಿಗೆ ನಿಜವಾಗಿಯೂ ನೋವಾಯಿತು. ಆ ದಿನ ರೊಟ್ಟಿ ತಣ್ಣಗಿದೆಯೋ ಬಿಸಿಯಿದೆಯೋ ಎಂದೂ ಗೊತ್ತಾಗದೆ ತಿಂದು ಎದ್ದರು.

ಮರುದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಚಾನೆಲ್ಲಿಗೆ ಹನ್ನೊಂದು ಪುಟದ ಪತ್ರ ಬರೆದರು. ಕೊನೆಯ ಪುಟದ ಒಕ್ಕಣೆ ಹೀಗಿತ್ತು: "ಆದುದರಿಂದ ಮಹನೀಯರೇ, ಒಂದೋ ತಾವು ಆ ಎಕ್ಸ್‌ರೇಯನ್ನು ಸರಿಯಾಗಿ ತಿರುಗಿಸಿ ಹಾಕತಕ್ಕದ್ದು. ಇಲ್ಲವೇ ಆ ರೋಗಿಯ ಹೃದಯ ಹುಟ್ಟಿನಿಂದಲೇ ಬಲಗಡೆ ಇದೆಯೆಂದು ಒಪ್ಪಿಕೊಳ್ಳತಕ್ಕದ್ದು. ಅಂಥವರು ಹತ್ತು ಹನ್ನೆರಡು ಸಾವಿರಕ್ಕೆ ಒಬ್ಬರು ಇರುತ್ತಾರೆ. ನನ್ನ ಸೇವಾವಧಿಯಲ್ಲಿ ನಾನೇ ಇಬ್ಬರನ್ನು ಕಂಡಿದ್ದೇನೆ. ಅವರು ಎಲ್ಲರಂತೆ ಆರೋಗ್ಯವಾಗಿ ಬಾಳುತ್ತಾರೆ." ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ದೇವರ ಗೂಡಿನಲ್ಲಿಟ್ಟರು.

ಒಂದು ತಿಂಗಳು ಏನೂ ಆಗಲಿಲ್ಲ. ಒಂದು ಗುರುವಾರ ಮಧ್ಯಾಹ್ನ ಫೋನು ಬಂತು.

"ಸರ್, ನಾನು ವೀರೇಂದ್ರ ಅಂತ, ‘ನಾಡಿ ಹಿಡಿದವಳು’ ಟೀಮಿಂದ. ನಿಮ್ಮ ಲೆಟರ್ ನೋಡಿ ನಮ್ಮ ಡೈರೆಕ್ಟರ್ ಕುಣಿದಾಡ್ಬಿಟ್ರು ಸರ್. ನೀವು ಹೇಳಿದ ಹಾಗೇ ಮಾಡಿದೀವಿ. ಸೋಮವಾರದ ಎಪಿಸೋಡ್ ಮಿಸ್ ಮಾಡ್ಬೇಡಿ, ಕೊನೇಲಿ ನಿಮ್ಮ ಹೆಸರೂ ಬರತ್ತೆ."

ಏಕಾಂತಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಕ್ಸ್‌ರೇ ತಿರುಗಿತು. ಹೆಸರು ಬೇರೆ ಬರುತ್ತದೆ. ಇನ್ನು ಚಾನೆಲ್ಲಿನವರು ಖಾಯಂ ಸಲಹೆಗಾರರಾಗಿ ಎಂದು ಸೋಗಾನೆ ನಿಲ್ದಾಣದಿಂದ ವಿಮಾನದ ಟಿಕೆಟ್ ಕಳಿಸಿದರೆ ಯಾವ ಅಂಗಿ ಹಾಕಿಕೊಳ್ಳುವುದು ಎಂದು ಬೀರು ತೆಗೆದು ನೋಡಿದರು. ಹೆಂಡತಿಗೆ ಮಾತ್ರ ಹೇಳಲಿಲ್ಲ. ಸೋಮವಾರ ಟೀವಿಯೇ ಹೇಳಲಿ, ಎಲ್ಲರ ಎದುರಿಗೇ ಹೇಳಲಿ.

ಶುಕ್ರವಾರದ ಕಂತಿನಲ್ಲಿ ಕರ್ನಾಟಕದ ಹೆಂಗಸರೆಲ್ಲ ಕಾಯುತ್ತಿದ್ದದ್ದು ನಡೆಯಿತು. ಸೌಂದರ್ಯಳನ್ನು ಮುಗಿಸಲು ಮೋನಿಕಾ ಗೊತ್ತು ಮಾಡಿದ್ದ ರೌಡಿಯೇ, ಕಾಸಿನ ಜಗಳದಲ್ಲಿ ತಿರುಗಿ ನಿಂತು, ಮೋನಿಕಾಳ ಎದೆಗೇ ಗುಂಡು ಹಾರಿಸಿದ. ಸರಿಯಾಗಿ ಎಡಗಡೆಗೆ. ಅವಳು ನಿಧಾನಕ್ಕೆ, ಎರಡು ಜಾಹೀರಾತುಗಳಷ್ಟು ಹೊತ್ತು ಬಿದ್ದಳು.

ಶೇಷಮ್ಮನವರು ಎದ್ದು ನಿಂತು ಕೈ ಮುಗಿದರು. ಬಸವರಾಜೇಶ್ವರಿಯವರ ಕಣ್ಣಲ್ಲಿ ನೀರು. ಆಮೇಲೆ ಇಬ್ಬರಿಗೂ ಒಂದೇ ಅನುಮಾನ ಬಂತು, ಇವಳು ನಿಜವಾಗಿ ಸಾಯುತ್ತಾಳೋ ಇಲ್ಲವೋ. ಆಗ, ಆರುನೂರು ಕಂತುಗಳಲ್ಲಿ ಮೊದಲ ಸಲ, ಬಸವರಾಜೇಶ್ವರಿ ಗಂಡನ ಕಡೆಗೆ ತಿರುಗಿ, "ರೀ, ನಿಮಗೆ ಇದೆಲ್ಲ ಗೊತ್ತಿರತ್ತಲ್ಲ, ಇದು ಬದುಕೋ ಕೇಸಾ?" ಎಂದು ಕೇಳಿದರು.

ಏಕಾಂತಪ್ಪ ಗಂಟಲು ಸರಿಮಾಡಿಕೊಂಡರು. ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂದೆ ಪಕ್ಕೆಲುಬು ಬರೆದು, ಬಾಣದ ಗುರುತು ಹಾಕಿದರು. "ಎಡಗಡೆ, ನಾಲ್ಕು ಮತ್ತೆ ಐದನೇ ಪಕ್ಕೆಲುಬಿನ ಸಂದಿ. ಅದರ ಹಿಂದುಗಡೆನೇ ಹೃದಯ. ಎರಡಡಿ ದೂರದಿಂದ ಹೊಡ್ದಿದಾನೆ. ಐದು ನಿಮಿಷ, ಹೆಚ್ಚಂದ್ರೆ ಆರು."

"ಸೌಂದರ್ಯ ಏನಾದ್ರೂ ಆಪರೇಷನ್ ಗೀಪರೇಷನ್ ಮಾಡಿ?"

"ಬ್ರಹ್ಮ ಬಂದ್ರೂ ಆಗಲ್ಲ. ಬೇಕಾದ್ರೆ ಬರ್ಕೊಡ್ತೀನಿ."

ಶೇಷಮ್ಮನವರು ಬರೆಸಿಕೊಂಡೇಬಿಟ್ಟರು. ‘ಮೋನಿಕಾ ಬದುಕುವುದಿಲ್ಲ’ ಎಂದು ಬರೆದು, ಕೆಳಗೆ ಸಹಿ, ಹುದ್ದೆ, ತಾರೀಕು. ಆ ಹಾಳೆ ಶನಿವಾರ ಮೂರು ಮನೆ ಸುತ್ತಿ ಬಂತು. ಹೆಂಗಸರು ಕಾಂಪೌಂಡಿನಲ್ಲಿ ಏಕಾಂತಪ್ಪನವರನ್ನು ಕಂಡರೆ ಸೆರಗು ಸರಿಮಾಡಿಕೊಂಡು ನಮಸ್ಕಾರ ಹೇಳತೊಡಗಿದರು. ಮನೆಯಲ್ಲಿ ರೊಟ್ಟಿಯ ಮೇಲೆ ಬೆಣ್ಣೆ ಬಿತ್ತು. "ಅವಳು ಸತ್ರೆ ಧಾರಾವಾಹೀಲಿ ಇನ್ನೇನಿರತ್ತೆ, ಒಂದು ವಾರದಲ್ಲಿ ಮುಗ್ಸ್ತಾರೆ. ಆಮೇಲೆ ನಿಮಗೆ ದಿನಾ ಏಳಕ್ಕೇ ಬಿಸಿಬಿಸಿ ತಟ್ಕೊಡ್ತೀನಿ" ಎಂದರು ಬಸವರಾಜೇಶ್ವರಿ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅವರು ಇಷ್ಟು ಮೆತ್ತಗೆ ಮಾತಾಡಿದ್ದು ಏಕಾಂತಪ್ಪನವರಿಗೆ ನೆನಪಿರಲಿಲ್ಲ.

ಇಂಥ ಸುಖದಲ್ಲಿ ಮನುಷ್ಯ ಸುಮ್ಮನಿರಬೇಕು. ಏಕಾಂತಪ್ಪ ಸೋಮವಾರಕ್ಕೆ ಜನರನ್ನು ಕರೆದರು. ಭದ್ರಾವತಿಯಿಂದ ಹಳೆಯ ಸಹಾಯಕ ಭೂತಪ್ಪ ಬಂದ. ಡಾರ್ಕ್ ರೂಮಿನಲ್ಲಿ ಇಪ್ಪತ್ತು ವರ್ಷ ಫಿಲ್ಮು ತೊಳೆದವನು, ವಿಷಯ ತಿಳಿದ ಒಬ್ಬನಾದರೂ ಸಾಕ್ಷಿಗಿರಲಿ ಎಂದು. ಹೊಳೆಹೊನ್ನೂರಿನ ನಾದಿನಿಗೆ ಫೋನು ಮಾಡಿ, "ಇವತ್ತು ಪೂರ್ತಿ ನೋಡು, ಕೊನೇಲಿ ಹೆಸರು ಬರೋವರೆಗೂ ಎದ್ದೇಳ್ಬೇಡ" ಎಂದರು. ನಡುಮನೆಯಲ್ಲಿ ಎಂಟು ಜನ ಹೆಂಗಸರು. ಅಡುಗೆಮನೆಯಲ್ಲಿ ಹೂರಣ ರುಬ್ಬಿ, ಕಣಕ ನಾದಿ ಇಟ್ಟಿತ್ತು. ಮೋನಿಕಾ ಹೋದ ತಕ್ಷಣ ಹೋಳಿಗೆ ಬೇಯಿಸುವುದೆಂದು ಒಪ್ಪಂದ.

ಏಳು ಗಂಟೆ. ಸ್ಟ್ರೆಚರು ಓಡಿತು. ಗೆರೆ ಡೊಂಕಾಯಿತು, ಕಂಪಿಸಿತು, ಇನ್ನೇನು ನೆಟ್ಟಗಾಗಬೇಕು ಎನ್ನುವಾಗ ಸೌಂದರ್ಯ, "ಎಕ್ಸ್‌ರೇ ತನ್ನಿ" ಎಂದಳು. ಏಕಾಂತಪ್ಪ ಮುಂದಕ್ಕೆ ಸರಿದು ಕೂತರು.

ಬಂದದ್ದು ಅದೇ ಹಳೇ ಎಕ್ಸ್‌ರೇ. ತಿರುಗಿಸಿರಲಿಲ್ಲ. ಮೂಲೆಯ ‘ಆರ್’ ಅಕ್ಷರವನ್ನು ಮಾತ್ರ ಅಳಿಸಿ ಎದುರು ಮೂಲೆಯಲ್ಲಿ ನೆಟ್ಟಗೆ ಬರೆದಿದ್ದರು. ಸೌಂದರ್ಯ ಅದನ್ನು ನೋಡಿದಳು, ಮೂರು ಸಲ ನೋಡಿದಳು, ಹಿನ್ನೆಲೆಯಲ್ಲಿ ಗುಡುಗಿತು. "ಇವಳ ಹೃದಯ ಬಲಗಡೆ ಇದೆ. ಹನ್ನೆರಡು ಸಾವಿರಕ್ಕೆ ಒಬ್ಬರಿಗೆ ಹೀಗಿರತ್ತೆ. ಗುಂಡು ಹೃದಯಕ್ಕೆ ತಾಗೇ ಇಲ್ಲ. ಮೋನಿಕಾ ಬದುಕ್ತಾಳೆ."

ಮೋನಿಕಾ ಒಂದು ಕಣ್ಣು ತೆರೆದು, ನೇರವಾಗಿ ವಿದ್ಯಾನಗರದ ಕಡೆ ನೋಡಿ ನಕ್ಕಳು.

ಅದರ ಕೆಳಗೆ ದೊಡ್ಡ ಹಳದಿ ಅಕ್ಷರಗಳು ಬಂದವು. ‘ವೈದ್ಯಕೀಯ ಸಲಹೆ: ಶ್ರೀ ಏಕಾಂತಪ್ಪ, ನಿವೃತ್ತ ಎಕ್ಸ್‌ರೇ ತಂತ್ರಜ್ಞರು, ವಿದ್ಯಾನಗರ, ಶಿವಮೊಗ್ಗ.’ ಓದಲು ಬಾರದವರಿಗೂ ಅನ್ಯಾಯವಾಗಬಾರದೆಂದು ಒಬ್ಬರು ಅದನ್ನು ಗಂಭೀರ ದನಿಯಲ್ಲಿ ಓದಿಯೂ ಹೇಳಿದರು.

ನಡುಮನೆಯಲ್ಲಿ ಅಷ್ಟೂ ಜನ ಉಸಿರು ಹಿಡಿದು ಕೂತಿದ್ದರು. ಮೊದಲು ಬಾಯಿ ಬಿಟ್ಟವನು ಭೂತಪ್ಪ. ಪಾಪ, ಅವನದು ಶುದ್ಧ ಅಭಿಮಾನ. "ಸಾರ್, ನೂರಕ್ಕೆ ನೂರು ಕರೆಕ್ಟಾಗಿ ತೋರ್ಸಿದಾರೆ ಸಾರ್."

ಶೇಷಮ್ಮನವರು ಸೊಂಟದಿಂದ ಮಡಚಿದ ಹಾಳೆ ತೆಗೆದು, ಬಿಡಿಸಿ, ಟೀಪಾಯಿಯ ಮೇಲೆ ಇಟ್ಟರು. "ಹೂರಣ ಫ್ರಿಜ್ಜಿಗೆ ಇಡು ಮಾರಾಯ್ತಿ, ಹಳಸತ್ತೆ. ಬರ್ತೀನಿ" ಎಂದು ಹೊರಟರು. ಉಳಿದವರೂ ಒಬ್ಬೊಬ್ಬರಾಗಿ, ಸಾವಿನ ಮನೆಯಿಂದ ಏಳುವವರ ಹಾಗೆ, ಏಕಾಂತಪ್ಪನವರ ಮುಖ ನೋಡದೆ ಎದ್ದು ಹೋದರು. ಫೋನು ಬಡಿದುಕೊಂಡಿತು. ಹೊಳೆಹೊನ್ನೂರಿನ ನಾದಿನಿ. "ಭಾವ, ನಾವೇನ್ ಅನ್ಯಾಯ ಮಾಡಿದ್ವಿ ನಿಮಗೆ?" ಎಂದಷ್ಟೇ ಕೇಳಿ ಇಟ್ಟುಬಿಟ್ಟಳು.

ಬಸವರಾಜೇಶ್ವರಿ ಕೂತಲ್ಲಿಂದ ಕದಲಿರಲಿಲ್ಲ. "ಒಂದ್ ಮಾತು ಹೇಳಿ" ಎಂದರು ಶಾಂತವಾಗಿ. ಆ ಶಾಂತಿಯೇ ಭಯಂಕರ. "ಇದು ವೈದ್ಯಕೀಯವಾಗಿ ಸರಿನಾ?"

ಏಕಾಂತಪ್ಪ ಭೂತಪ್ಪನ ಮುಖ ನೋಡಿದರು. ತಪ್ಪು ಎಂದರೆ ಸಂಸಾರ ಉಳಿಯುತ್ತಿತ್ತು. ಆದರೆ ಮೂವತ್ನಾಲ್ಕು ವರ್ಷದ ಸೇವೆ ಅದಕ್ಕೆ ಒಪ್ಪಲಿಲ್ಲ.

"ಸರಿ" ಎಂದರು.

"ನೀವು ಹೇಳಿದ್ದು ಸರಿ" ಎಂದರು ಬಸವರಾಜೇಶ್ವರಿ. ಆರುನೂರು ಕಂತು ಕಾದ ಮಾತು ಕೊನೆಗೂ ಕಿವಿಗೆ ಬಿತ್ತು. ಅಷ್ಟರಲ್ಲಿ ಅವರು ಒಳಗೆ ಹೋಗಿ ಪೆನ್ನು, ನೋಟ್‌ಬುಕ್ ತಂದು ಗಂಡನ ಮುಂದಿಟ್ಟರು. "ತಗೊಳಿ. ಹೃದಯ ಬಲಗಡೆ ಇರೋರನ್ನ ಹೆಂಗೆ ಸಾಯ್ಸೋದು ಅಂತ ಅವರಿಗೆ ಇವತ್ತೇ ಬರೀರಿ. ಈ ಸಲ ಸರಿಯಾಗಿ ಬರೀರಿ. ಅವಳು ಸಾಯೋವರೆಗೂ ಈ ಮನೇಲಿ ಹೆಂಚು ಒಲೆ ಮೇಲೆ ಏರಲ್ಲ."

ಮೂವತ್ನಾಲ್ಕು ವರ್ಷ ಜೀವ ಉಳಿಸುವ ಇಲಾಖೆಯಲ್ಲಿ ಅನ್ನ ತಿಂದ ಏಕಾಂತಪ್ಪನವರು, ಸಕ್ಕರೆ ಮಾತ್ರೆ ನುಂಗಿದ ಬರಿಹೊಟ್ಟೆಯಲ್ಲಿ, ಒಬ್ಬಳನ್ನು ಯಾವ ವೈದ್ಯಕೀಯ ಲೋಪವೂ ಇಲ್ಲದೆ ಕೊಲ್ಲುವ ದಾರಿ ಯೋಚಿಸುತ್ತ ಕೂತರು. ಭೂತಪ್ಪ ಪಕ್ಕಕ್ಕೆ ಬಂದು, "ಸಾರ್, ಲಿವರ್ರೂ ಉಲ್ಟಾ ಇರತ್ತೆ, ನೋಡ್ಕಂಡ್ ಬರೀರಿ" ಎಂದು ಮೆಲ್ಲಗೆ ನೆನಪಿಸಿದ.