ಬಣಕಲ್ಲಿಗೆ ಹಿಮ ತರಿಸಹೊರಟ ಭಾವ

ನಮ್ಮ ಭಾವನವರ ಎದುರು ಬಿಳಿ ಪಂಚೆ ಉಟ್ಟು ನಿಲ್ಲಬೇಡಿ. ನಿಮ್ಮ ಪಂಚೆ ಆಕಾಶಕ್ಕೆ ಎಷ್ಟು ಬೆಳಕು ವಾಪಸು ಕಳಿಸುತ್ತಿದೆ ಎಂದು ಲೆಕ್ಕ ಹಾಕಿಯಾರು! ಬಣಕಲ್ಲಿನ ಉಳಿದ ಕಾಫಿ ಬೆಳೆಗಾರರು ಮೆಣಸಿನ ಧಾರಣೆ ವಿಚಾರಿಸುವ ಹೊತ್ತಿಗೆ ಇವರು ಕತ್ತೆತ್ತಿ ಮೇಲೆ ನೋಡುತ್ತಿರುತ್ತಾರೆ.

ಮೊದಲು ಹೀಗಿರಲಿಲ್ಲ. ಅಕ್ಕನಿಗೆ ಹಿಮ ನೋಡುವ ಆಸೆ, ಮದುವೆಯಾದಾಗಿನಿಂದ. ಅಂತೂ ಒಮ್ಮೆ ಕಾಶ್ಮೀರಕ್ಕೆ ಟಿಕೆಟ್ಟಾಯಿತು, ಕೆಂಪು ಸ್ವೆಟರೂ ಬಂತು. ಅಷ್ಟರಲ್ಲಿ ಚಿಕ್ಕಮಗಳೂರಿನ ಡಾಕ್ಟರು ಅವಳ ಎದೆ ಪರೀಕ್ಷಿಸಿ, "ಅಷ್ಟು ಎತ್ತರ ಈ ಹೃದಯಕ್ಕೆ ಆಗಲ್ಲಮ್ಮ, ಈಗಲೂ ಬೇಡ, ಮುಂದಕ್ಕೂ ಬೇಡ" ಎಂದುಬಿಟ್ಟರು. ಸ್ವೆಟರು ನುಸಿಗುಳಿಗೆಯ ಜೊತೆ ಪೆಟ್ಟಿಗೆ ಸೇರಿತು. ಅಕ್ಕ ಸುಮ್ಮನಾದಳು. ಭಾವ ಸುಮ್ಮನಾಗಲಿಲ್ಲ. ಮೊಬೈಲಿನಲ್ಲಿ ಅವಳಿಗೆ ತೋರಿಸಲು ಹಿಮ ಹುಡುಕುತ್ತ ಹುಡುಕುತ್ತ ಒಂದು ಉಪಗ್ರಹಕ್ಕೆ ಗಂಟುಬಿದ್ದರು.

"ಅದು ಮೇಲಿಂದ ಹಸಿರು ಲೇಸರ್ ಬೆಳಕು ಬಿಡ್ತದೆ ಮಾರಾಯ್ತಿ. ನೆಲಕ್ಕೆ ತಾಗಿ ವಾಪಸು ಬಂದ ಬೆಳಕಿನ ಕಣಗಳನ್ನ ಒಂದೊಂದಾಗಿ ಎಣಿಸ್ತದೆ! ಹಿಮ ಆದ್ರೆ ರಾಶಿ ರಾಶಿ ವಾಪಸು. ಕಾಡು, ಒದ್ದೆ ಮಣ್ಣು ಆದ್ರೆ ನುಂಗಿಬಿಡ್ತವೆ. ಎಷ್ಟು ಬಂತು ಅನ್ನೋದ್ರ ಮೇಲೆ ನೆಲ ಎಷ್ಟು ಬಿಳಿ ಅಂತ ಅದಕ್ಕೆ ತಿಳೀತದೆ."

ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಆಕಾಶದಿಂದ ಹೊರಟ ಬೆಳಕಿನ ಚೂರೊಂದು ನಮ್ಮ ತೋಟದ ಎಲೆ ಮುಟ್ಟಿ, ಮತ್ತೆ ತನ್ನ ಮನೆ ದಾರಿ ಹಿಡಿಯುವುದೆಂದರೆ! ಮೂಡಿಗೆರೆಗೆ ಹೋದ ಬಸ್ಸೇ ಎಷ್ಟೋ ದಿನ ಹೊತ್ತಿಗೆ ಸರಿಯಾಗಿ ವಾಪಸು ಬರುವುದಿಲ್ಲವಲ್ಲ?

ಆ ಉಪಗ್ರಹ ನಮ್ಮ ಮೇಲೇ ಹಾದುಹೋಗುವ ದಿನ ಮನೆಯ ಬಿಳಿ ಬೆಡ್‌ಶೀಟುಗಳೆಲ್ಲ ಮಾಯ! ನೋಡಿದರೆ ಭಾವ ಅವನ್ನು ಕಾಫಿ ಒಣಗಿಸುವ ಕಣದ ತುಂಬ ಹಾಸಿದ್ದಾರೆ. ತೋಟದ ಲೆಕ್ಕ ಬರೆಯುವ ರೈಟರು ತಲೆ ಕೆರೆದುಕೊಂಡರು. "ಸಾರ್, ಕಾಫಿಗೆ ಹೊದಿಕೆ ಹೊದಿಸಿದ್ರೆ ಅದು ಒಣಗೋದು ಹೆಂಗೆ?"

"ಇವತ್ತೊಂದು ದಿನ ಅದೂ ಮಲಗ್ಲಿ ಬಿಡಯ್ಯ!"

ಕೆಲವು ತಿಂಗಳ ಮೇಲೆ ಉಪಗ್ರಹದ ಅಳತೆ ಸಿಕ್ಕಿತು. ಅದರ ಬೆಳಕಿನ ಗೆರೆ ಕಣ ಬಿಟ್ಟು ಪಕ್ಕದ ಹಲಸಿನ ಮರದ ಮೇಲೆ ಹೋಗಿತ್ತು. ಬಂದ ಬೆಳಕನ್ನೆಲ್ಲ ಹಲಸು ನುಂಗಿ ಕೂತಿತ್ತು!

ಆಗಲೇ ಅವರಿಗೆ ಹೊಳೆದದ್ದು ಕಾಫಿ ಹೂವು. ಬೇಸಿಗೆಯಲ್ಲಿ ಗಿಡಕ್ಕೆ ನೀರು ಬಿದ್ದ ಒಂದು ವಾರ, ಹತ್ತು ದಿನಕ್ಕೆ ಇಡೀ ಗುಡ್ಡ ಒಟ್ಟಿಗೆ ಬೆಳ್ಳಗೆ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಉಪಗ್ರಹ ಬರುವ ದಿನಕ್ಕೇ ಹೂವಾಗುವಂತೆ ಸ್ಪ್ರಿಂಕ್ಲರ್ ಹಚ್ಚುವುದೆಂದು ಕಾದು ಕೂತರು.

"ಪಕ್ಕದ ತೋಟದವ್ರು ನೀರು ಹೊಡೆದು ಮುಗಿಸಿದ್ರು ಸಾರ್" ಎಂದು ರೈಟರು ಗೋಗರೆದರು.

"ಅವ್ರಿಗೆ ಹೂವು ಬೇಕು. ನಮಗೆ ಹಿಮ ಬೇಕು!" ಎಂದ ಭಾವ, ಅಕ್ಕನ ಕಡೆ ತಿರುಗಿ, "ಬಣಕಲ್ಲಲ್ಲಿ ಹಿಮ ಬಿದ್ದಿದೆ ಅಂತ ಆಕಾಶದಿಂದಲೇ ಹೇಳಿಸ್ತೇನೆ, ನೋಡ್ತಿರು" ಎಂದರು.

"ಹೂವು ಹಿಮದಷ್ಟು ಬೆಳಕು ವಾಪಸು ಕೊಡ್ತದಾ ಭಾವ?" ಎಂದೆ ನಾನು.

"ಹಿಮದ ತಂಗಿಯಷ್ಟಾದ್ರೂ ಕೊಡ್ತದೆ, ಸುಮ್ನಿರೇ!"

ಅಂತೂ ಲೆಕ್ಕ ಹಾಕಿ ನೀರು ಬಿಟ್ಟದ್ದಾಯಿತು. ಉಪಗ್ರಹ ಬರುವ ದಿನ ಬೆಳಿಗ್ಗೆ ಬಾಗಿಲು ತೆಗೆದವಳು ಹೊಸಿಲಲ್ಲೇ ನಿಂತೆ. ಕಣ್ಣು ಹಾಯುವಷ್ಟೂ ಬಿಳಿ! ಹಸಿರೆಂಬುದು ಹೂವಿನಡಿ ಎಲ್ಲೋ ಅಡಗಿತ್ತು. ಆ ಪರಿಮಳಕ್ಕೆ ಉಸಿರೇ ಭಾರ. ಆದರೆ ತಲೆಯ ಮೇಲೆ, ಕೈಯೆತ್ತಿದರೆ ಸಿಗುವ ಹಾಗೆ, ದಟ್ಟ ಮೋಡ.

"ಹೋಯ್ತು" ಎಂದರು ಭಾವ. "ಬೆಳಕು ಮೋಡಕ್ಕೆ ತಾಗಿ ಅಲ್ಲಿಂದಲೇ ವಾಪಸು. ನಾವು ಅದಕ್ಕೆ ಕಾಣೋದೇ ಇಲ್ಲ." ಹಾಗೆಂದವರು ಕಣದ ಕಟ್ಟೆಯ ಮೇಲೆ ಕುಸಿದು ಕೂತರು.

ನುಸಿಗುಳಿಗೆಯ ವಾಸನೆ ಮೊದಲು ಬಂತು, ಹಿಂದೆ ಅಕ್ಕ. ಕೆಂಪು ಸ್ವೆಟರು, ಕುತ್ತಿಗೆಯವರೆಗೂ ಗುಂಡಿ. ನಿಧಾನಕ್ಕೆ ಹೆಜ್ಜೆಯಿಡುತ್ತ ಗಿಡಗಳ ಸಾಲಿನೊಳಗೆ ಹೋಗಿ ನಿಂತಳು. ತಲೆ, ಭುಜದ ಮೇಲೆಲ್ಲ ಹೂವು.

"ರೀ, ಅಲ್ಲೆಂತ ಕೂತಿದ್ದೀರಿ? ಟೋಪಿ ಹಾಕ್ಕೊಂಡು ಬನ್ನಿ. ಇಲ್ಲಿ ಸಿಕ್ಕಾಪಟ್ಟೆ ಬಿದ್ದಿದೆ!"

ಭಾವ ದಡಬಡಿಸಿ ಎದ್ದು ಟೋಪಿ ಹುಡುಕಲು ಒಳಗೆ ಓಡಿದರು. ಟೋಪಿ ಅವರ ತಲೆಯ ಮೇಲೇ ಇತ್ತು.