ಕಠಿಣ ವಿಷಯಗಳ ತರಗತಿಯಲ್ಲಿ ಕೇಳಿಬಂದ ನಗುವಿನ ಕುರಿತು

ಪಠ್ಯವಿಷಯ ಆಯ್ಕೆ ಮತ್ತು ಮಾರ್ಗದರ್ಶನ ವಿಭಾಗ
ಹೈಸ್ಕೂಲ್ ಕಟ್ಟಡ, ಮೊದಲ ಮಹಡಿ
ವಿಂಡ್‌ಹೋವರ್ ಹೈಟ್ಸ್, ಓಹಾಯೊ

ಸಂಖ್ಯೆ: ಪವಿಆ/ಕಠಿಣ/ನಗು/11
ದಿನಾಂಕ: ಅಕ್ಟೋಬರ್ 30

ಸುತ್ತೋಲೆ

ವಿಷಯ: ಪ್ರತಿಷ್ಠಿತ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುವ ಹನ್ನೆರಡನೇ ತರಗತಿಯ ವಿದ್ಯಾರ್ಥಿಗಳು ಕಠಿಣ ವಿಷಯಗಳನ್ನು ಕಲಿಯುವಾಗ ಕಾಪಾಡಿಕೊಳ್ಳಬೇಕಾದ ಮುಖಭಾವದ ಬಗ್ಗೆ.

ಉಲ್ಲೇಖ: (1) ಪೋಷಕಿ ಶ್ರೀಮತಿ ಮೆರೆಡಿತ್ ವಾಸ್ ಅವರ ಮೌಖಿಕ ದೂರು.
(2) ಅದೇ ದೂರು, ಇನ್ನೂ ಜೋರಾಗಿ.
(3) ಸೂಪರಿಂಟೆಂಡೆಂಟರ ಆದೇಶ: 'ಏನೋ ಒಂದು ಸುತ್ತೋಲೆ ಹೊರಡಿಸಿ, ಆಯಮ್ಮನ ಫೋನು ನಿಂತರೆ ಸಾಕು.'

ಪ್ರಸ್ತಾವನೆ: ಶಾಲೆಯು ಕಾಲೇಜುಗಳಿಗೆ ಕಳುಹಿಸುವ ವರದಿಯಲ್ಲಿ, ವಿದ್ಯಾರ್ಥಿ ಆರಿಸಿಕೊಂಡ ವಿಷಯಗಳು 'ಅತ್ಯಂತ ಕಠಿಣ'ವೇ, 'ಬಹಳ ಕಠಿಣ'ವೇ, 'ಕಠಿಣ'ವೇ, 'ಸಾಧಾರಣ'ವೇ ಅಥವಾ 'ಹೇಳಿಕೊಳ್ಳುವಂಥದ್ದಲ್ಲ'ವೇ ಎಂದು ತಿಳಿಸಲು ಐದು ಚೌಕಗಳಿದ್ದು, ಮಾರ್ಗದರ್ಶಕರು ಅವುಗಳ ಪೈಕಿ ಒಂದರಲ್ಲಿ ಟಿಕ್ ಹಾಕತಕ್ಕದ್ದು. ಮೊದಲನೆಯದನ್ನು ಬಿಟ್ಟು ಇನ್ನೂ ನಾಲ್ಕು ಚೌಕಗಳಿವೆ ಎಂಬುದನ್ನು ಈ ಊರಿನ ಪೋಷಕರು ಇಂದಿನವರೆಗೆ ಒಪ್ಪಿಕೊಂಡಿಲ್ಲ.

ಹೀಗಿರುವಾಗ, ಕಾಲೇಜು ಮಟ್ಟದ ಭೌತಶಾಸ್ತ್ರದ ತರಗತಿಯಿಂದ ರೋವೆನಾ ಕ್ಯೂಸಿಕ್ ಎಂಬ ವಿದ್ಯಾರ್ಥಿನಿ ದಿನಾಲೂ ನಗುತ್ತಾ ಹೊರಬರುತ್ತಾಳೆ ಎಂದು ಉಲ್ಲೇಖ (1)ರಲ್ಲಿ ದೂರಲಾಗಿದೆ. ಶ್ರೀಮತಿ ವಾಸ್ ಅವರ ಮಾತುಗಳು ಇದ್ದಹಾಗೇ ಇಂತಿವೆ: "ಗ್ಲೆನ್, ನೀವೇ ಹೇಳಿ. ಅದೇ ಕ್ಲಾಸಿಂದ ನನ್ನ ಮಗ ಪ್ರೆಸ್ಟನ್ ಕಣ್ಣು ಕೆಂಪಗೆ ಮಾಡ್ಕೊಂಡು ಬರ್ತಾನೆ. ಆ ಹುಡುಗಿ ಹಲ್ಲು ಬಿಟ್ಕೊಂಡು ಬರ್ತಾಳೆ. ಇಬ್ರಿಗೂ ಒಂದೇ ಟಿಕ್ಕಾ? ಹಾಗಾದ್ರೆ ನಾವು ಅತ್ತಿದ್ದೆಲ್ಲ ದಂಡಕ್ಕಾ?"

ಗ್ಲೆನ್ ಪೆಟಿಬೋನ್ ಎಂದರೆ ಈ ಸುತ್ತೋಲೆಗೆ ಸಹಿ ಹಾಕಬೇಕಾದವರು; ಮುಂದೆ ಇವರನ್ನು 'ಸಹಿದಾರರು' ಎನ್ನಲಾಗುವುದು. ಸಹಿದಾರರು ದೂರನ್ನು ತಾಳ್ಮೆಯಿಂದ ಆಲಿಸಿ, ತಲೆ ಕೆರೆದುಕೊಂಡು, ಈ ಕೆಳಕಂಡ ನಿಯಮಗಳನ್ನು ರಚಿಸಿರುತ್ತಾರೆ.

1. ಕಠಿಣ ವಿಷಯದ ವ್ಯಾಖ್ಯೆ. ಹೆಸರು ಹೇಳಿದೊಡನೆ ವಿದ್ಯಾರ್ಥಿ ನಿಟ್ಟುಸಿರು ಬಿಡುವ ವಿಷಯವನ್ನು 'ಕಠಿಣ' ಎಂದೂ, ವಿದ್ಯಾರ್ಥಿಯ ತಾಯಿ "ಈ ವರ್ಷ ನಮಗೆ ಕೆಮಿಸ್ಟ್ರಿ ಇದೆ" ಎಂದು ನೆರೆಹೊರೆಯವರಲ್ಲಿ ಹೇಳಿಕೊಳ್ಳುವ ವಿಷಯವನ್ನು 'ಅತ್ಯಂತ ಕಠಿಣ' ಎಂದೂ ಪರಿಗಣಿಸತಕ್ಕದ್ದು.

2. ನಗುವಿನ ಮಿತಿ. ಕಠಿಣ ವಿಷಯದ ತರಗತಿಯಲ್ಲಿ ಶಿಕ್ಷಕರು ಜೋಕು ಹೇಳಿದಾಗ ತುಟಿ ಅರಳಿಸಲು ಅವಕಾಶವಿರುತ್ತದೆ, ಹಲ್ಲು ಕಾಣಿಸಲು ಇರುವುದಿಲ್ಲ. ಸದರಿ ಜೋಕು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವವರಿಗೆ ಮೊದಲ ಚೌಕದಲ್ಲಿ ಆದ್ಯತೆ ನೀಡಲಾಗುವುದು. ಸಾಧಾರಣ ತರಗತಿಗಳಲ್ಲಿ ಎಷ್ಟು ಬೇಕಾದರೂ ನಗಬಹುದು. ಆ ಮಕ್ಕಳ ಬಗ್ಗೆ ಯಾರೂ ಫೋನು ಮಾಡುವುದಿಲ್ಲ.

3. ನಿದ್ದೆ. ಚೆನ್ನಾಗಿ ನಿದ್ದೆ ಮಾಡಿದವರಂತೆ ಕಾಣುವ ವಿದ್ಯಾರ್ಥಿಗಳನ್ನು ಕಚೇರಿಗೆ ಕರೆಸಿ ವಿವರಣೆ ಕೇಳಲಾಗುವುದು. ಕಣ್ಣಿನ ಕೆಳಗಿನ ಕಪ್ಪು ಸ್ವಂತದ್ದಾಗಿರತಕ್ಕದ್ದು. ಅಕ್ಕನ ಮೇಕಪ್ ಡಬ್ಬಿಯಿಂದ ಬಳಿದುಕೊಂಡು ಬಂದ ಪ್ರಕರಣಗಳು ಗಮನಕ್ಕೆ ಬಂದಿದ್ದು, ಇನ್ನು ಮುಂದೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಲಾಗುವುದು.

4. ಊಟ. ಊಟದ ಅವಧಿಯನ್ನು ಬಿಟ್ಟುಕೊಟ್ಟು ಅದರ ಜಾಗದಲ್ಲಿ ಇನ್ನೊಂದು ಕಠಿಣ ವಿಷಯ ತೆಗೆದುಕೊಂಡವರು ಸ್ಪ್ಯಾನಿಷ್ ತರಗತಿಯಲ್ಲಿ ಸ್ಯಾಂಡ್‌ವಿಚ್ ತಿನ್ನಬಹುದು. ಪಕ್ಕದವರ ಚಿಪ್ಸನ್ನು ಮಾತ್ರ ಸ್ಪ್ಯಾನಿಷ್‌ನಲ್ಲೇ ಬೇಡತಕ್ಕದ್ದು. ಕ್ಯಾಂಟೀನಿನಲ್ಲಿ ಗೆಳೆಯರೊಂದಿಗೆ ಕೂತು ನಿಧಾನವಾಗಿ ಪಿಜ್ಜಾ ತಿನ್ನುತ್ತಾ ಸಿಕ್ಕಿಬಿದ್ದವರು, ತಾವು ಅರ್ಥಶಾಸ್ತ್ರದ ಯೋಜನೆಗಾಗಿ ಜನರನ್ನು ಗಮನಿಸುತ್ತಿದ್ದುದಾಗಿ ಬರೆದುಕೊಡತಕ್ಕದ್ದು.

5. ಹಾಡು. ಕಠಿಣ ವಿಷಯದಲ್ಲಿ 'ಎ' ಬಂದರೆ ಐದು ಅಂಕ, ಗಾಯನವೃಂದದಲ್ಲಿ 'ಎ' ಬಂದರೆ ನಾಲ್ಕೇ ಅಂಕವಾದ್ದರಿಂದ, ಎಲ್ಲದರಲ್ಲೂ 'ಎ' ಪಡೆದ ವಿದ್ಯಾರ್ಥಿ ಎಷ್ಟೇ ಚೆನ್ನಾಗಿ ಹಾಡಿದರೂ ಅವನ ಸರಾಸರಿ ಇಳಿಯುತ್ತದೆ. ಗಾಯನದಲ್ಲಿ 'ಎ' ಬಂದ ಸುದ್ದಿಯನ್ನು ಮನೆಯವರಿಗೆ ಮೆಲ್ಲಗೆ, ಅವರು ಕುಳಿತಿರುವಾಗ ತಿಳಿಸತಕ್ಕದ್ದು. ಅಂಕ ಬೇಡವೆಂದು ಬರೆದುಕೊಟ್ಟವರು ಕಾರಿಡಾರಿನಲ್ಲಿ ಗುನುಗಲು ಅಡ್ಡಿಯಿಲ್ಲ.

6. ರೋವೆನಾ ಪ್ರಕರಣ. ಸದರಿ ವಿದ್ಯಾರ್ಥಿನಿಯು ಅರ್ಜಿ ಹಾಕುತ್ತಿರುವ ಕಾಲೇಜು ನೂರು ಜನರಲ್ಲಿ ಆರು ಜನರನ್ನಷ್ಟೇ ಸೇರಿಸಿಕೊಳ್ಳುತ್ತದೆ. ಅಲ್ಲಿನ ಭೌತಶಾಸ್ತ್ರ ಪ್ರಯೋಗಾಲಯದ ಹೆಸರೆತ್ತಿದರೆ ಅವಳ ಮಾತು ನಿಲ್ಲುವುದಿಲ್ಲ. ಮೊದಲ ಚೌಕದ ಟಿಕ್ ತಪ್ಪಿದರೆ ಅವಳ ಅರ್ಜಿಯನ್ನು ಅಲ್ಲಿ ಯಾರೂ ಎರಡನೇ ಸಲ ಓದುವುದಿಲ್ಲ ಎಂಬುದು ಸಹಿದಾರರಿಗೆ ಗೊತ್ತು.

ಅವಳು ಗಾಯನವೃಂದ ಬಿಟ್ಟು ಯುರೋಪಿನ ಇತಿಹಾಸ ತೆಗೆದುಕೊಂಡರೆ ಮುಖ ತಾನಾಗಿಯೇ ಸಪ್ಪಗಾಗಿ ದೂರು ಬಗೆಹರಿಯುತ್ತದೆ ಎಂಬ ಸೂಪರಿಂಟೆಂಡೆಂಟರ ಸಲಹೆಯನ್ನು ಅವಳ ಮುಂದಿಡಲಾಯಿತು. ಅವಳ ಹೇಳಿಕೆ: "ಮಿಸ್ಟರ್ ಪೆಟಿಬೋನ್, ಇತಿಹಾಸ ಬೇಡ. ಆ ಹೊತ್ತಲ್ಲಿ ನಾನು ಹಾಡ್ತೀನಿ. ಟಿಕ್ ಹೋದ್ರೆ ಹೋಗ್ಲಿ, ಮನೇಗ್ ಹೋಗಿ ಅಳ್ತೀನಿ, ಪರವಾಗಿಲ್ಲ. ಆದ್ರೆ ಫಿಸಿಕ್ಸ್ ನನಗೆ ಸುಲಭ ಅಂತ ಮಾತ್ರ ಬರೀಬೇಡಿ. ಹೋದ ವಾರದ ಟೆಸ್ಟಲ್ಲಿ ನನಗೆ ಬಂದಿದ್ದು ಬಿ ಮೈನಸ್. ಒಂದೊಂದು ಲೆಕ್ಕ ಮೂರು ದಿನ ಜೀವ ತಿನ್ನುತ್ತೆ. ಆಮೇಲೆ ಬಿಡಿಸ್ಕೊಳ್ಳುತ್ತಲ್ಲ, ಆಗ ನಗು ಬರುತ್ತೆ. ನಾನೇನು ಮಾಡ್ಲಿ?"

ಭೌತಶಾಸ್ತ್ರದ ಶಿಕ್ಷಕಿ ಕುಮಾರಿ ಝುಕೋವ್ಸ್ಕಿ ಅವರನ್ನೂ ವಿಚಾರಿಸಲಾಯಿತು. "ಕೊಡದೇ ಇರೋ ಲೆಕ್ಕಾನೂ ಮಾಡ್ಕೊಂಡು ಬರುತ್ತೆ ಆ ಮಗು. ಅದಕ್ಕೆ ಯಾವ ಶಿಕ್ಷೆ ಅಂತ ನಿಮ್ಮ ಚಾರ್ಟಲ್ಲಿದ್ರೆ ಹೇಳಿ, ಕೊಡ್ತೀನಿ" ಎಂದಿರುತ್ತಾರೆ. ಯಾರಿಗೆ ಯಾವ ಚೌಕ ಎಂದು ತೀರ್ಮಾನಿಸಲು ವಿಭಾಗವು ಬಳಸುವ ಸದರಿ ಚಾರ್ಟನ್ನು ಪರಿಶೀಲಿಸಲಾಯಿತು. ವಿದ್ಯಾರ್ಥಿಗೆ ವಿಷಯ ಇಷ್ಟವೇ ಎಂದು ಬರೆಯಲು ಅದರಲ್ಲಿ ಕಾಲಂ ಇರುವುದಿಲ್ಲ. ಚಾರ್ಟನ್ನು ತಯಾರಿಸಿದವರು ಸಹಿದಾರರೇ. ಅವರಿಗೆ ನಾಚಿಕೆಯಾಯಿತು ಎಂಬುದನ್ನು ಕಡತದಲ್ಲಿ ನಮೂದಿಸಲಾಗಿದೆ.

7. ಸ್ಥಳ ಪರಿಶೀಲನೆ. ದಿನಾಂಕ 29ರಂದು ಸಹಿದಾರರು ಭೌತಶಾಸ್ತ್ರದ ತರಗತಿಗೆ ಖುದ್ದು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನಗುವಿಗಾಗಿ ಕಾದರು. ಚಿಕನ್ ಸಾರಿನ ಡಬ್ಬಿ, ಅರೆದ ಸಿಹಿಗುಂಬಳದ ಡಬ್ಬಿ ಎರಡನ್ನೂ ಇಳಿಜಾರು ಹಲಗೆಯ ಮೇಲಿಂದ ಒಟ್ಟಿಗೆ ಉರುಳಿಬಿಡಲಾಯಿತು. ಕುಂಬಳವೇ ಮೊದಲು ಬರುತ್ತದೆಂದು ಎರಡು ಪುಟ ಲೆಕ್ಕ ಮಾಡಿಕೊಂಡು ಬಂದಿದ್ದ ಪ್ರೆಸ್ಟನ್ ವಾಸ್‌ನ ಕಣ್ಣೆದುರೇ ಸಾರು ಗೆದ್ದಿತು. ಅವನ ಕಣ್ಣು ತುಂಬಿಕೊಂಡಿತು. ನಿಯಮಾನುಸಾರ ಇದು ತೃಪ್ತಿಕರವಾಗಿತ್ತು.

ಆಗ ರೋವೆನಾ ಅವನ ಪಕ್ಕಕ್ಕೆ ಬಂದು, "ಕುಂಬಳ ಡಬ್ಬಿಗೆ ಅಂಟ್ಕೊಂಡಿದೆ ನೋಡೋ. ಡಬ್ಬಿ ತಿರುಗಿದ್ರೆ ಅದೂ ಪೂರ್ತಿ ತಿರುಗ್ಬೇಕು, ಸುಸ್ತಾಗುತ್ತೆ. ಸಾರಿಗೇನು, ಒಳಗೆ ಆರಾಮಾಗಿ ಕೂತ್ಕೊಂಡು ಜಾರ್ಕೊಂಡು ಬರುತ್ತೆ" ಎಂದಳು. ಪ್ರೆಸ್ಟನ್ ಎರಡೂ ಡಬ್ಬಿಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಅಂದ್ರೆ ನಮ್ಮಮ್ಮ ಸಾರು, ನಾನು ಕುಂಬಳ" ಎಂದ. ಮರುಕ್ಷಣ ಅವನೇ ಬಿದ್ದು ಬಿದ್ದು ನಕ್ಕ. ತರಗತಿಯೆಲ್ಲ ನಕ್ಕಿತು. ಹಿಂದಿನ ಸಾಲಿನಿಂದಲೂ ನಗು ಕೇಳಿಬಂದಿದ್ದು, ಸದರಿ ನಗು ಸಹಿದಾರರದ್ದೆಂದು ದೃಢಪಟ್ಟಿದೆ. ನಗು ಮುಗಿದ ಮೇಲೆ ಪ್ರೆಸ್ಟನ್ ಆ ಎರಡು ಪುಟಗಳನ್ನು ಹರಿದುಹಾಕಿ, ಯಾರೂ ಹೇಳದಿದ್ದರೂ ಲೆಕ್ಕವನ್ನು ಮೊದಲಿನಿಂದ ಶುರುಮಾಡಿದನು.

8. ಜಾರಿ. ಮೇಲ್ಕಂಡ ನಿಯಮಗಳು ಇಂದಿನಿಂದ, ಅಂದರೆ ಅಕ್ಟೋಬರ್ 30ರಿಂದ, ಕಟ್ಟುನಿಟ್ಟಾಗಿ ಜಾರಿಗೆ ಬರತಕ್ಕದ್ದೆಂದು ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ. ರೋವೆನಾ ಕ್ಯೂಸಿಕ್ ಮತ್ತು ಪ್ರೆಸ್ಟನ್ ವಾಸ್ ಅವರ ವರದಿಗಳು ಮೊದಲ ಚೌಕದ ಟಿಕ್‌ನೊಂದಿಗೆ ನಿನ್ನೆಯೇ ಕಾಲೇಜುಗಳಿಗೆ ರವಾನೆಯಾಗಿವೆ. ಒಮ್ಮೆ ಹೋದ ವರದಿಯನ್ನು ವಾಪಸು ತರಿಸಿಕೊಳ್ಳುವ ನಿಯಮ ಈ ವಿಭಾಗದಲ್ಲಿಲ್ಲ. ಅಂಥ ನಿಯಮವನ್ನು ರಚಿಸುವ ಅಧಿಕಾರ ಸಹಿದಾರರಿಗಿದ್ದು, ಅವರಿಗೆ ಸದ್ಯಕ್ಕೆ ಪುರುಸೊತ್ತಿಲ್ಲ.

(ಸಹಿ)
ಗ್ಲೆನ್ ಪೆಟಿಬೋನ್
ಹಿರಿಯ ಮಾರ್ಗದರ್ಶಕರು

ಪ್ರತಿಗಳು:
1. ಸೂಪರಿಂಟೆಂಡೆಂಟರಿಗೆ, ಅವರು ಕೇಳಿದ್ದ 'ಏನೋ ಒಂದು ಸುತ್ತೋಲೆ' ಇದೇ ಎಂಬ ಅರಿಕೆಯೊಂದಿಗೆ.
2. ಶ್ರೀಮತಿ ಮೆರೆಡಿತ್ ವಾಸ್ ಅವರಿಗೆ, ಕಲಮು 7 ಅನ್ನು ತೆಗೆದು.
3. ಗಾಯನವೃಂದದ ಶಿಕ್ಷಕರಿಗೆ, ಕ್ಷಮಾಪಣೆಯೊಂದಿಗೆ.
4. ಕುಮಾರಿ ಝುಕೋವ್ಸ್ಕಿ ಅವರಿಗೆ. ಈ ಸುತ್ತೋಲೆಯ ಬಗ್ಗೆ ಸ್ಪಷ್ಟೀಕರಣ ಬೇಕಾದವರು ನಾಳೆಯಿಂದ ಅವರ ತರಗತಿಯ ಹಿಂದಿನ ಸಾಲಿನಲ್ಲಿ ಸಹಿದಾರರನ್ನು ಕಾಣಬಹುದು. ಪಾಠ ನಡೆಯುವಾಗ ಮಾತನಾಡಿಸಬಾರದು.