ಅಕ್ಕನ ಕೆಸರು, ನನ್ನ ವಡೆ

ನಮ್ಮಕ್ಕ ಈ ಜನ್ಮದಲ್ಲಿ ನನ್ನನ್ನು ಕೇಳಿದ್ದು ಒಂದೇ ಒಂದು ಉಪಕಾರ: ಏನೂ ಮಾಡದೆ ಸುಮ್ಮನಿರು ಎಂದು. ನನ್ನ ಕೈಯಲ್ಲಿ ಅದೂ ಆಗಲಿಲ್ಲ! ಎಸ್ಸೆಸ್ಸೆಲ್ಸಿ ದಾಟಲಾಗದವನಿಗೆ ಸುಮ್ಮನಿರುವುದಾದರೂ ಬರಬೇಡವೇ?

ಮೊದಲು ಅಕ್ಕನ ವಿಚಾರ ಹೇಳಿಬಿಡುತ್ತೇನೆ. ಜನ ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ. ನಮ್ಮಕ್ಕ ಕೆಸರು ಸಾಕುತ್ತಿದ್ದಳು. ನಾನು ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ ನೆವಾರ್ಕ್ ಎಂಬ ಪರದೇಶದ ಊರಿನ ಪಕ್ಕದಲ್ಲೇ ಉಪ್ಪು ತೆಗೆಯುವ ಕೊಳಗಳಿವೆ. ಅಲ್ಲಿನ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಒಂದರ ಎಂಜಲನ್ನು ಇನ್ನೊಂದು ತಿಂದುಕೊಂಡು ಹೇಗೆ ಸಂಸಾರ ಮಾಡುತ್ತವೆ ಎಂದು ತಿಳಿಯಲು ಯೂನಿವರ್ಸಿಟಿಯಲ್ಲೊಂದು ಗುಂಪಿತ್ತು. ಜೀವಿಗಳನ್ನು ನೋಡಲು ಅಕ್ಕ, ಉಪ್ಪನ್ನು ನೋಡಲು ಗಳುವಿನಂತೆ ಉದ್ದವಿದ್ದ ಒಬ್ಬ ಕೆಮಿಸ್ಟ್ರಿಯವನು, ಮಣ್ಣನ್ನು ನೋಡಲು ಒಬ್ಬ ಭೂವಿಜ್ಞಾನದ ಹೆಂಗಸು, ಈ ಮೂವರನ್ನೂ ನೋಡಿಕೊಳ್ಳಲು ಬಿಳಿಗಡ್ಡದ ಪ್ರೊಫೆಸರು.

ಅದು ಡಾಟ್ ಕಾಮ್ ಕಾಲ. ಇಂಟರ್ನೆಟ್ಟಿನಲ್ಲಿ ಬೂಟಿನ ಲೇಸು ಮಾರುವವನೂ ನಾಳೆ ಬೆಳಿಗ್ಗೆ ಕುಬೇರನಾಗುವ ಕಾಲ. ಮಂಡ್ಯ, ಹಾಸನದವರೆಲ್ಲ ಸೇರಿದ ಒಂದು ಊಟದಲ್ಲಿ ಯಾರೋ ಅಕ್ಕನನ್ನು ಕೇಳಿದರು:

“ನಿಮ್ದು ಯಾವ ಸ್ಟಾರ್ಟಪ್ಪು ಮೇಡಂ?”

“ಕೆಸರು.”

“ಓ! ಶುರುವಾಗಿ ಎಷ್ಟು ದಿನ ಆಯ್ತು?”

“ಕೋಟಿಗಟ್ಲೆ ವರ್ಷ ಆಯ್ತು ಕಣ್ರೀ. ಇನ್ನೂ ಮುಳುಗಿಲ್ಲ.”

ಆ ಮನುಷ್ಯ ಹಪ್ಪಳ ತರುವ ನೆಪದಲ್ಲಿ ಎದ್ದು ಹೋದವನು ತಿರುಗಿ ಆ ಕಡೆ ಬರಲೇ ಇಲ್ಲ!

ಗುಂಪಿನಲ್ಲಿ ಇದ್ದು ಇದ್ದು ಅಕ್ಕನಿಗೆ ಒಂಟಿಯಾಗಿ ಏನನ್ನೂ ಮಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಒಮ್ಮೆ ಗುಂಪನ್ನೆಲ್ಲ ಮನೆಗೆ ಕರೆದು ಸಾರು ಮಾಡಿಸಿದಳು. ತಾನು ಮಾಡಲಿಲ್ಲ, ಮಾಡಿಸಿದಳು! ಒಬ್ಬರು ಬೇಳೆ, ಒಬ್ಬರು ತರಕಾರಿ, ಒಬ್ಬರು ಒಗ್ಗರಣೆ. ಒಬ್ಬರನ್ನೊಬ್ಬರು ಕೇಳದೆ ಉಪ್ಪು ಹಾಕಕೂಡದು ಎಂದು ಮೀಟಿಂಗಿನಲ್ಲಿ ತೀರ್ಮಾನವಾಯಿತು. ಕೇಳುವುದನ್ನು ಎಲ್ಲರೂ ಇನ್ನೊಬ್ಬರಿಗೆ ಬಿಟ್ಟರು. ಬಾಳೆಲ್ಲ ಉಪ್ಪಿನ ಕೊಳದಲ್ಲಿ ಕಳೆದ ನಾಲ್ಕು ಜನ ಸೇರಿ ಮಾಡಿದ ಸಾರಿನಲ್ಲಿ ಉಪ್ಪೇ ಇರಲಿಲ್ಲ! ಅಕ್ಕ ಅದನ್ನು ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕಳು.

ಆ ಗುಂಪಿನದು ಇನ್ನೊಂದು ಪದ್ಧತಿ. ಯಾರಾದರೂ ಏನಾದರೂ ಕೆಡಿಸಿದರೆ ಶುಕ್ರವಾರದ ಮೀಟಿಂಗಿಗೆ ನಡುವೆ ತೂತಿರುವ ಸಿಹಿ ಡೋನಟ್ ತರಬೇಕು, ಎದ್ದು ನಿಂತು ಏನು ಕೆಡಿಸಿದೆ ಎಂದು ಹೇಳಬೇಕು. ಯಾರೂ ಬೈಯುವಂತಿಲ್ಲ, ತಿನ್ನಬೇಕು ಅಷ್ಟೆ. “ಒಬ್ರು ಮುಚ್ಚಿಟ್ರೆ ನಾಲ್ಕು ಜನದ ಲೆಕ್ಕ ಕೆಡುತ್ತೆ ಕಣೋ” ಎನ್ನುತ್ತಿದ್ದಳು ಅಕ್ಕ. ಆ ಕೆಮಿಸ್ಟ್ರಿಯವನು ಎಷ್ಟು ಪ್ರಾಮಾಣಿಕನೆಂದರೆ ಅವನಿಂದಲೇ ಎಲ್ಲರ ತೂಕ ಏರಿತ್ತು.

ಒಂದು ದಿನ ಅಕ್ಕ ಗಾಜಿನ ಬಾಟಲಿಯೊಂದನ್ನು ಅಪ್ಪಿಕೊಂಡು ನನ್ನ ಅಪಾರ್ಟ್‌ಮೆಂಟಿಗೆ ಬಂದಳು. ಒಳಗೆ ನೆವಾರ್ಕಿನ ಕೊಳದ ಕೆಸರು, ಅದರಲ್ಲಿರುವ ಜೀವಿಗಳ ಊಟಕ್ಕೆಂದು ಹರಿದ ಪೇಪರು, ಒಂದು ಮೊಟ್ಟೆ. ನನ್ನ ಅಡುಗೆಮನೆಯ ಕಿಟಕಿಗೆ ಬೀಳುವಂಥ ಬಿಸಿಲು ಗುಂಪಿನಲ್ಲಿ ಯಾರ ಮನೆಗೂ ಬೀಳುವುದಿಲ್ಲವಂತೆ.

“ಬಿಸಿಲು ಬಿದ್ರೆ ಇದ್ರಲ್ಲಿ ಹಸಿರು, ನೇರಳೆ ಪಟ್ಟಿ ಬರುತ್ತೆ. ನೀನು ಏನೂ ಮಾಡ್ಬೇಡ. ಮುಟ್ಬೇಡ, ಅಲ್ಲಾಡಿಸ್ಬೇಡ, ಜರುಗಿಸ್ಬೇಡ.”

“ನೀರು ಗೀರು?”

“ಏನೂ ಮಾಡ್ಬೇಡ ಅಂದ್ನಲ್ಲೋ!”

ನಿಜಕ್ಕೂ ಪಟ್ಟಿಗಳು ಬಂದವು. ರೇಷ್ಮೆ ಸೀರೆಯ ಅಂಚಿನ ಹಾಗೆ. ಜೊತೆಗೆ ವಾಸನೆಯೂ ಬಂತು, ಅದನ್ನು ಯಾವ ಸೀರೆಗೂ ಹೋಲಿಸಲಾರೆ.

ಅಷ್ಟರಲ್ಲಿ ಹತ್ತಿರದ ಊರು ಸ್ಯಾನ್ ರಮೋನಿನ ಒಂದು ಕುಟುಂಬ ಗೃಹಪ್ರವೇಶದ ಅಡುಗೆ ನನಗೇ ಒಪ್ಪಿಸೋಣವೆಂದು ರುಚಿ ನೋಡಲು ಮನೆಗೆ ಬಂತು. ಕೊಳೆತ ಮೊಟ್ಟೆಯ ವಾಸನೆಯ ನಡುವೆ ಬಿಸಿಬೇಳೆಬಾತು ಬಡಿಸುವುದೇ? ಬಾಟಲಿಯನ್ನು ಸಿಂಕಿನ ಕೆಳಗಿನ ಕಪಾಟಿಗೆ ಸೇರಿಸಿ ಬಾಗಿಲು ಹಾಕಿದೆ. ಒಂದು ಗಂಟೆಯ ಮಾತು, ಅಲ್ಲವೇ? ಅಡುಗೆಯ ಕೆಲಸ ಸಿಕ್ಕಿತು. ಆ ಸಂಭ್ರಮದಲ್ಲಿ ಬಾಟಲಿ ಮರೆತೇಹೋಯಿತು.

ಗೃಹಪ್ರವೇಶವೆಲ್ಲ ಮುಗಿದು ಎಷ್ಟೋ ದಿನದ ಮೇಲೆ ಪಾತ್ರೆ ಉಜ್ಜುವ ನಾರಿಗೆ ಕೈಹಾಕಿದಾಗ ಸಿಕ್ಕಿತು. ಹಸಿರಿಲ್ಲ, ನೇರಳೆಯಿಲ್ಲ, ಕರಿ ಕೆಸರು. ಮೆಲ್ಲಗೆ ಕಿಟಕಿಯಲ್ಲಿಟ್ಟು, ಅದಕ್ಕೊಂದು ನಮಸ್ಕಾರವನ್ನೂ ಹಾಕಿದೆ. ಕೆಸರು ಕರಗಲಿಲ್ಲ.

ಅಕ್ಕ ಬಂದು ನೋಡಿ ಬೆಚ್ಚಿದಳು. “ಲೋ, ಇದನ್ನ ಏನಾದ್ರೂ ಮಾಡ್ದೇನೋ?”

“ಇಲ್ಲ ಕಣಕ್ಕ. ಮುಟ್ಟೇ ಇಲ್ಲ.”

ಅಷ್ಟೇ ನಾನು ಹೇಳಿದ್ದು. ಅಲ್ಲಿಂದ ಶುರುವಾಯಿತು ನೋಡಿ ವಿಜ್ಞಾನ! ಬೇರೆ ಕೊಳಗಳ ಬಾಟಲಿಗಳೆಲ್ಲ ಹಸಿರಾಗೇ ಇರುವಾಗ ನೆವಾರ್ಕಿನ ಕೆಸರು ಮಾತ್ರ ಏಕೆ ಕಪ್ಪಾಯಿತು? ಕೆಮಿಸ್ಟ್ರಿಯವನು ಉಪ್ಪಿನ ಮೇಲೆ ಹಾಕಿದ. ಭೂವಿಜ್ಞಾನದ ಹೆಂಗಸು ಹಿಂದೊಮ್ಮೆ ಸಮುದ್ರ ಒಳಗೆ ಬಂದಿತ್ತು ಎಂದಳು. ಪ್ರೊಫೆಸರು ಬೋರ್ಡಿನ ತುಂಬ ಬಾಣಗಳನ್ನು ಎಳೆದರು. ಅವರ ಪಾಲಿಗೆ ಸಮುದ್ರವೇ ಉಕ್ಕಿ ಬಂದಿತ್ತು, ನನ್ನ ಸಿಂಕಿನ ಬಾಗಿಲು ಮಾತ್ರ ಯಾರಿಗೂ ಹೊಳೆಯಲಿಲ್ಲ! ಮುಂದಿನ ವಾರ ದೊಡ್ಡ ಸಭೆ. ಆ ಕಪ್ಪು ಬಾಟಲಿಯ ವಿಚಾರವನ್ನು ಬೇರೆ ಯೂನಿವರ್ಸಿಟಿಗಳವರ ಮುಂದೆ ಅಕ್ಕನೇ ಮಂಡಿಸಬೇಕು. ಸುಳ್ಳೆಂದು ಹೊರಬಿದ್ದರೆ ಮಾನ ಹೋಗುವುದು ಅವಳದೇ.

ನನ್ನ ಮನೆಯಲ್ಲೇ ಕುಳಿತು ಭಾಷಣ ಅಭ್ಯಾಸ ಮಾಡಿದಳು. ಕೊನೆಯ ಹಾಳೆಯಲ್ಲಿ ಗುಂಪಿಗೆ ಸಹಾಯ ಮಾಡಿದವರ ಹೆಸರುಗಳು. ಅದರಲ್ಲಿ ನನ್ನ ಹೆಸರು! ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯಲ್ಲಿ ಮೂರು ಸಲ ಹುಡುಕಿಯೂ ಸಿಗದ ಹೆಸರು.

“ನಾನೇನ್ ಮಾಡ್ದೆ ಅಂತಕ್ಕ ಇದು?”

“ಏನೂ ಮಾಡ್ಲಿಲ್ವಲ್ಲ, ಅದಕ್ಕೇ! ಯಾರಾದ್ರೂ ಬಾಟ್ಲಿ ಜರುಗಿಸಿರ್ಬೋದಾ ಅಂತ ನಮ್ಮ ಪ್ರೊಫೆಸರ್ ಕೇಳಿದ್ರು. ನನ್ ತಮ್ಮ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಅಂದೆ.”

ಎದ್ದು ಒಳಗೆ ಹೋಗಿ ಉದ್ದು ನೆನೆಹಾಕಿದೆ.

ಮಾರನೆಯ ದಿನ ಶುಕ್ರವಾರ. ಡಬ್ಬಿ ತುಂಬ ಉದ್ದಿನವಡೆ ಹೊತ್ತುಕೊಂಡು ಅವರ ಮೀಟಿಂಗಿನ ಬಾಗಿಲಲ್ಲಿ ನಿಂತೆ. ಅಕ್ಕ ಕಣ್ಣರಳಿಸಿದಳು. ಪ್ರೊಫೆಸರು ಒಂದು ವಡೆ ಎತ್ತಿ, ನಡುವಿನಿಂದ ನನ್ನನ್ನು ನೋಡಿ, ತೂತಿದೆ, ನಡೆಯುತ್ತದೆ ಎಂದರು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಇಂಗ್ಲಿಷೆಲ್ಲ ಹಾರಿಹೋಯಿತು.

“ಬಾಟಲ್. ಸಿಂಕ್. ಡಾರ್ಕ್. ಮೀ.”

ಕೆಮಿಸ್ಟ್ರಿಯವನು ಎದ್ದು ಹೋಗಿ ಬೋರ್ಡಿನ ಮೇಲಿದ್ದ ಸಮುದ್ರವನ್ನು ಒರೆಸಿಬಿಟ್ಟ. ಯಾರೂ ಬೈಯಲಿಲ್ಲ. ಒಬ್ಬೊಬ್ಬರೂ ಒಂದೊಂದು ವಡೆ ತೆಗೆದುಕೊಂಡು, ಕಚ್ಚಿ, ಮುಖ ಮುಖ ನೋಡಿಕೊಂಡರು. ಅಕ್ಕ ನೆಲ ನೋಡುತ್ತ ನಿಧಾನವಾಗಿ ಅಗಿದಳು.

“ಲೋ, ಉಪ್ಪೇ ಹಾಕಿಲ್ವಲ್ಲೋ!”

ಅವಳು ನಗುತ್ತಿದ್ದಳು, ಆದರೆ ಕಣ್ಣು ತುಂಬಿತ್ತು. ನನಗೆ ಅಲ್ಲಿದ್ದವರೆಲ್ಲ ಮರೆತುಹೋದರು.

“ಉಪ್ಪಿಗೂ ತಪ್ಪಾಯ್ತು ಕಣಕ್ಕ, ಬಾಟ್ಲಿಗೂ ತಪ್ಪಾಯ್ತು. ನೀನು ನನ್ನ ಅಷ್ಟು ನಂಬಿದ್ದೆ ನೋಡು, ಅದಕ್ಕೆ... ತಪ್ಪಾಯ್ತಕ್ಕ.”